ಆನ್ಯೆಸ್ ವಾರ್ದಾ ನಡೆದ ದಾರಿಯಲ್ಲಿ ಹಕ್ಕಲು ಆಯುತ್ತಾ

ಮೊದಲ ದಿನ: ಪ್ಯಾರಿಸ್

ದಾಂಫೆರ್-ರೋಶ್ರೋ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಚೌಕದ ನಡುವೆ, ಎತ್ತರದ ಪೀಠದ ಮೇಲೆ, ಭಾರಿ ಸಿಂಹವೊಂದು ಒರಗಿಕೊಂಡಿದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಮಾಡಿದ ಬಾರ್ತೋಲ್ದಿಯದೇ ಕೈಕೆಲಸ. ಅಕ್ಕನ ಮಗಳು ನನ್ನನ್ನು ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆಯುವಾಗ, "ಇಲ್ಲಿ ಸಿಂಹದ ಬದಲು ಬೆಕ್ಕು ಕೂತಿರಬೇಕಿತ್ತು" ಎಂದೆ. ವಿಮಾನದಲ್ಲಿ ನಿದ್ದೆಗೆಟ್ಟು ಚಿಕ್ಕಮ್ಮ ಏನೋ ಬಡಬಡಿಸುತ್ತಿದ್ದಾರೆ ಎಂದುಕೊಂಡಳೋ ಏನೋ, ಸುಮ್ಮನೆ ನಕ್ಕಳು. ಫ್ರಾನ್ಸಿನ ಚಿತ್ರ ನಿರ್ದೇಶಕಿ ಆನ್ಯೆಸ್ ವಾರ್ದಾ 2003ರಲ್ಲಿ ಮಾಡಿದ ಒಂದು ಕಿರುಚಿತ್ರದಲ್ಲಿ ಈ ಸಿಂಹ ಮಾಯವಾಗಿ, ಆ ಜಾಗದಲ್ಲಿ ಆಕೆಯ ಸಾಕು ಬೆಕ್ಕು ಜ್ಗೂಗೂ ಸಿಂಹದಷ್ಟೇ ದೊಡ್ಡದಾಗಿ ಬಂದು ಕೂರುತ್ತದೆ.

ಈ ಅಜ್ಜಿಯ ಹುಚ್ಚು ನನಗೆ ಹಿಡಿದದ್ದು ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ. ಪಕ್ಕದ ಕುರ್ಚಿಯಲ್ಲಿ ನಮ್ಮವರಿದ್ದರು. ಅವರಿಗೆ ಸಾಕ್ಷ್ಯಚಿತ್ರ ಎಂದರೆ ನಿದ್ದೆ. ಅವತ್ತು ಮಾತ್ರ ಕಣ್ಣು ಬಿಟ್ಟುಕೊಂಡೇ ಕೂತಿದ್ದರು. "ಒಂದು ಸಲ ಹೋಗಿ ಈಕೆಯ ಮನೆ ನೋಡಿಕೊಂಡು ಬರೋಣ" ಎಂದವರೂ ಅವರೇ. ಬ್ಯಾಂಕಿನಿಂದ ನಾನು ನಿವೃತ್ತಳಾಗುವ ಹೊತ್ತಿಗೆ ಅವರೂ ಇರಲಿಲ್ಲ, ವಾರ್ದಾ ಅವರೂ ಇರಲಿಲ್ಲ. ಆಕೆ ತೀರಿಕೊಂಡದ್ದು 2019ರ ಮಾರ್ಚ್ 29ರಂದು, 90ರ ವಯಸ್ಸಿನಲ್ಲಿ. ಮನೆ ಮಾತ್ರ ಅಲ್ಲೇ ಇತ್ತಲ್ಲ, ಹೊರಟೆ.

ಸಿಂಹದ ಬೆನ್ನಿಗೇ ರ‍್ಯೂ ದಾಗೆರ್ ಶುರುವಾಗುತ್ತದೆ. ಛಾಯಾಗ್ರಹಣದ ಆದಿಪುರುಷರಲ್ಲಿ ಒಬ್ಬನಾದ ದಾಗೆರ್‌ನ ಹೆಸರಿನ ಬೀದಿ. ಮೊದಲ ತುಂಡು ಸಂತೆಬೀದಿಯ ಹಾಗಿದೆ: ಚೀಸಿನ ಅಂಗಡಿ, ಮೀನಿನ ಅಂಗಡಿ, ಹೂವು, ಹಣ್ಣು. ಮುಂದೆ ಹೋದಂತೆ ಗದ್ದಲ ತಗ್ಗಿ, ಸಾಧಾರಣ ಮನೆಗಳ ನಡುವೆ ನೇರಳೆ-ಗುಲಾಬಿ ಬಣ್ಣದ ಗೋಡೆಯೊಂದು ಎದುರಾಗುತ್ತದೆ. ನಂಬರ್ ನೋಡುವ ಅಗತ್ಯವೇ ಬೀಳಲಿಲ್ಲ.

1951ರಲ್ಲಿ ವಾರ್ದಾ ಇಲ್ಲಿಗೆ ಬಂದಾಗ ಇದು ಪಾಳುಬಿದ್ದ ಎರಡು ಅಂಗಡಿ ಮತ್ತು ಅವುಗಳ ನಡುವಿನ ಅಂಗಳ. ಆಗ ಆಕೆ ನಾಟಕದ ಫೋಟೊ ತೆಗೆಯುವ ಹುಡುಗಿ. 1954ರಲ್ಲಿ ಗ್ಯಾಲರಿಗೆ ಬಾಡಿಗೆ ಕೊಡುವ ಉಸಾಬರಿಯೇ ಬೇಡವೆಂದು ಅದೇ ಅಂಗಳದ ಗೋಡೆಗೆ, ಕಿಟಕಿ ಬಾಗಿಲುಗಳಿಗೆ ತನ್ನ ಫೋಟೊಗಳನ್ನು ತೂಗುಹಾಕಿ ಮೊದಲ ಪ್ರದರ್ಶನ ಮಾಡಿದರು. ಕೊನೆಯುಸಿರಿನವರೆಗೂ ಮನೆ, ಕಚೇರಿ, ಸಂಕಲನದ ಕೋಣೆ ಎಲ್ಲ ಇಲ್ಲೇ. ಸಮುದ್ರ ತೀರಗಳ ನೆನಪಿನ ಚಿತ್ರ ಮಾಡುವಾಗ ಬೀದಿಗೆ ಲಾರಿಗಟ್ಟಲೆ ಮರಳು ಸುರಿಸಿ, ತಮ್ಮ ನಿರ್ಮಾಣ ಸಂಸ್ಥೆಯ ಮೇಜುಗಳನ್ನು ಮರಳಿನ ಮೇಲಿಟ್ಟು, ಸಿಬ್ಬಂದಿಯನ್ನು ಕಡಲತೀರದ ಉಡುಪಿನಲ್ಲಿ ಕೂರಿಸಿದರು. 80ರ ಹುಡುಗಾಟ ಅದು.

ಬಾಗಿಲ ಮುಂದೆ ನಿಂತು ನನಗೊಂದು ಕೆಲಸ ಮಾಡಬೇಕಿತ್ತು. 1970ರ ದಶಕದ ನಡುವೆ ವಾರ್ದಾ ಅವರ ಮಗ ಇನ್ನೂ ಪುಟ್ಟ ಕೂಸು. ಅವನನ್ನು ಬಿಟ್ಟು ದೂರ ಹೋಗುವಂತಿಲ್ಲ, ಕೆಲಸ ಮಾಡದೆ ಇರಲು ಮನಸ್ಸಿಲ್ಲ. ಆಗ ಮನೆಯ ಮೀಟರಿನಿಂದಲೇ 90 ಮೀಟರ್ ಉದ್ದದ ವಿದ್ಯುತ್ ತಂತಿ ಎಳೆದು, ಆ ತಂತಿ ಮುಟ್ಟುವಷ್ಟೇ ದೂರದಲ್ಲಿ ಸಿನಿಮಾ ತೆಗೆಯುತ್ತೇನೆ ಎಂದು ನಿಶ್ಚಯಿಸಿದರು. ಸಿಕ್ಕವರು ಬೇಕರಿಯವನು, ಕಟುಕ, ದರ್ಜಿ, ಮತ್ತು ಒಬ್ಬ ಸುಗಂಧದ ವ್ಯಾಪಾರಿ. ಅವನ ಹೆಂಡತಿ ಮರೆವಿನ ಮಬ್ಬಿನಲ್ಲಿ ಮಾತಿಲ್ಲದೆ ಕೂತಿರುತ್ತಾಳೆ, ಸಂಜೆಯಾದರೆ ಎಲ್ಲಿಗೋ ಹೊರಡಬೇಕೆಂದು ಬಾಗಿಲಿಗೆ ಬಂದು ನಿಲ್ಲುತ್ತಾಳೆ. 1975ರ ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಬಾಗಿಲಿನಿಂದ ಎಣಿಸಿಕೊಂಡು ನಡೆದೆ. 90 ಮೀಟರ್ ಎಂದರೆ ನನ್ನ ಹೆಜ್ಜೆಯಲ್ಲಿ 136. ಕೊನೆಯ ಹೆಜ್ಜೆಯಲ್ಲಿ ನಿಂತು ತಿರುಗಿ ನೋಡಿದರೆ ಮನೆ ಇಲ್ಲೇ, ಕೂಗಿದರೆ ಕೇಳಿಸುವಷ್ಟು ಹತ್ತಿರ. ಮಕ್ಕಳು ಚಿಕ್ಕವರಿದ್ದಾಗ ನಾನು ಬಡ್ತಿ ಬೇಡವೆಂದು ಬರೆದುಕೊಟ್ಟಿದ್ದು ನೆನಪಾಯಿತು. ನನಗೂ ಒಂದು ತಂತಿ ಇತ್ತು. ಅದನ್ನು ಎಲ್ಲಿಗೆ ಸಿಕ್ಕಿಸಬೇಕೆಂದು ಹೊಳೆದಿರಲಿಲ್ಲ, ಅಷ್ಟೆ.

"ಚಿಕ್ಕಮ್ಮ, ಐಫೆಲ್ ಗೋಪುರಕ್ಕೆ ಯಾವತ್ತು ಹೋಗೋಣ?" ಎಂದಳು ಹುಡುಗಿ. ನೋಡೋಣ ಎಂದೆ.

ಎರಡನೆಯ ದಿನ: ಪ್ಯಾರಿಸ್

ಬೆಳಿಗ್ಗೆ ಓರ್ಸೇ ವಸ್ತುಸಂಗ್ರಹಾಲಯ. ಅಲ್ಲಿ ಮಿಲೆ 1857ರಲ್ಲಿ ಬರೆದ ಚಿತ್ರವಿದೆ: ಕೊಯ್ಲಾದ ಗೋಧಿ ಹೊಲ, ಸೊಂಟ ಬಗ್ಗಿಸಿ ಉಳಿದ ತೆನೆ ಹೆಕ್ಕುವ ಮೂವರು ಹೆಂಗಸರು. ವಾರ್ದಾ ಅವರ 2000ದ ಸಾಕ್ಷ್ಯಚಿತ್ರ ಶುರುವಾಗುವುದು ಈ ಜಾಡಿನಿಂದಲೇ. ಅದರ ಹೆಸರನ್ನು ಇಂಗ್ಲಿಷಿನಲ್ಲಿ ಓದಿದಾಗ ನಿಘಂಟು ತೆಗೆದಿದ್ದೆ. ಅರ್ಥ ತಿಳಿದ ಮೇಲೆ ನಗು ಬಂತು. ಇದು ನಮ್ಮಜ್ಜಿ ಪ್ರತಿ ವರ್ಷ ಹೇಳುತ್ತಿದ್ದ ಮಾತು: ಹಕ್ಕಲು. ಹಾಸನದ ಕಡೆಯ ನಮ್ಮ ಹೊಲದಲ್ಲಿ ರಾಗಿ ಕೊಯ್ದು ಹೊರೆ ಸಾಗಿಸಿದ ಮೇಲೆ ಹಕ್ಕಲು ಆಯಲು ಬರುವವರನ್ನು ಯಾರೂ ತಡೆಯುತ್ತಿರಲಿಲ್ಲ. ಆಲೂಗಡ್ಡೆ ಅಗೆದ ಹೊಲದಲ್ಲಂತೂ ನಾವು ಮಕ್ಕಳೇ ಕೋಲಿನಿಂದ ಮಣ್ಣು ಕೆದಕಿ ತಪ್ಪಿಸಿಕೊಂಡ ಗಡ್ಡೆ ಹುಡುಕುತ್ತಿದ್ದೆವು.

ಫ್ರಾನ್ಸಿನಲ್ಲಿ ಇದಕ್ಕೆ ಕಾನೂನೇ ಇದೆ. ಚಿತ್ರದಲ್ಲಿ ವಕೀಲರೊಬ್ಬರು ಕಪ್ಪು ನಿಲುವಂಗಿ ತೊಟ್ಟು ಹೊಲದ ನಡುವೆ ನಿಂತು ಅದನ್ನು ವಿವರಿಸುತ್ತಾರೆ: ಕೊಯ್ಲು ಮುಗಿದ ಮೇಲೆ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ, ಆಯ್ದುಕೊಳ್ಳಬಹುದು. ವಾರ್ದಾ ಕೈಯಲ್ಲಿ ಹಿಡಿಯುವ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಊರೂರು ಅಲೆದರು. ಆಕಾರ ಸರಿಯಿಲ್ಲವೆಂದು, ಗಾತ್ರ ಹೆಚ್ಚೆಂದು ಲಾರಿಗಳಿಂದ ಸುರಿದ ಆಲೂಗಡ್ಡೆಯ ರಾಶಿಯಲ್ಲಿ ಹೃದಯದ ಆಕಾರದ ಗಡ್ಡೆ ಸಿಕ್ಕಿದ್ದೇ ತಡ, ಅದನ್ನು ಮನೆಗೆ ತಂದು ಇಟ್ಟುಕೊಂಡರು. ಅದು ಸುಕ್ಕುಗಟ್ಟಿ, ಮೊಳಕೆಯೊಡೆದು, ಬೇರು ಬಿಡುವವರೆಗೂ ಫೋಟೊ ತೆಗೆದರು. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಮತ್ತೊಂದು ಕೈಯ ಕಲೆಬಿದ್ದ ಚರ್ಮವನ್ನು ಅಷ್ಟೇ ಕುತೂಹಲದಿಂದ ನೋಡಿದರು. ಒಮ್ಮೆ ಕ್ಯಾಮೆರಾ ಆರಿಸುವುದನ್ನು ಮರೆತು, ನೇತಾಡುವ ಲೆನ್ಸ್ ಮುಚ್ಚಳದ ಕುಣಿತ ದಾಖಲಾಗಿತ್ತು. ಬೇರೆಯವರಾದರೆ ಕತ್ತರಿಸಿ ಎಸೆಯುತ್ತಿದ್ದರು, ಆಕೆ ಅದಕ್ಕೆ ಜಾಝ್ ಸಂಗೀತ ಕೂಡಿಸಿ ಚಿತ್ರದೊಳಗೇ ಉಳಿಸಿಕೊಂಡರು. ಬೀದಿಯಲ್ಲಿ ಸಿಕ್ಕ, ಮುಳ್ಳುಗಳೇ ಇಲ್ಲದ ಗಡಿಯಾರವೂ ಹಾಗೆಯೇ ಮನೆಗೆ ಬಂತು.

ಮಧ್ಯಾಹ್ನ ಕ್ಲೆಯೊಳ ದಾರಿ ಹಿಡಿದೆ. 1962ರ 'ಕ್ಲೆಯೊ, ಐದರಿಂದ ಏಳು' ಚಿತ್ರದ ಗಾಯಕಿ ಕ್ಲೆಯೊ ತನಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬ ವರದಿಗೆ ಕಾಯುತ್ತಾ ಪ್ಯಾರಿಸ್ಸಿನಲ್ಲಿ ಅಲೆಯುತ್ತಾಳೆ. ಮೋಂಪಾರ್ನಾಸ್ ಬೀದಿಯ ಲ ದೋಮ್ ಕೆಫೆಗೆ ಹೋಗಿ, ದುಡ್ಡು ಹಾಕಿದರೆ ಹಾಡುವ ಪೆಟ್ಟಿಗೆಯಲ್ಲಿ ತನ್ನದೇ ಹಾಡು ಹಾಕಿ, ಯಾರಾದರೂ ತಲೆ ಎತ್ತುತ್ತಾರೋ ಎಂದು ಮೇಜುಗಳ ನಡುವೆ ನಡೆಯುತ್ತಾಳೆ. ಯಾರೂ ಎತ್ತುವುದಿಲ್ಲ. ಆ ಕೆಫೆ ಈಗಲೂ ಇದೆ, ದುಬಾರಿ ಮೀನಿನ ಊಟಕ್ಕೆ ಹೆಸರಾಗಿದೆ. ಹೊರಗಿನಿಂದ ನೋಡಿ ಮುಂದೆ ನಡೆದೆ.

ಅಲ್ಲಿಂದ ಮೋಂಸೂರಿ ಉದ್ಯಾನಕ್ಕೆ ನಡೆದೇ ಹೋದೆ. ಚಿತ್ರದಲ್ಲಿ ಅಲ್ಲಿನ ಕೃತಕ ಜಲಪಾತದ ಬಳಿ ಕ್ಲೆಯೊಗೆ ಒಬ್ಬ ಸೈನಿಕ ಸಿಗುತ್ತಾನೆ, ಅಲ್ಜೀರಿಯಾ ಯುದ್ಧಕ್ಕೆ ವಾಪಸ್ ಹೊರಟವನು. ಇಬ್ಬರಿಗೂ ಸಾವಿನ ಭಯ, ಇಬ್ಬರೂ ಹರಟುತ್ತಾರೆ, 67ನೇ ನಂಬರಿನ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುತ್ತಾರೆ. ಹೆಸರಿನಲ್ಲಿ ಏಳು ಗಂಟೆ ಎಂದಿದ್ದರೂ ಚಿತ್ರ ಆರೂವರೆಗೇ ಮುಗಿಯುತ್ತದೆ. ಬೆಂಚಿನ ಮೇಲೆ ಕೂತು, ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮವರ ವರದಿಗೆ ಕಾದ ಒಂದು ಮಧ್ಯಾಹ್ನವನ್ನು ನೆನೆದೆ. ಆವತ್ತೂ ನಾವಿಬ್ಬರು ಸುಮ್ಮನೆ ಹರಟಿದ್ದೆವು. ಏನು ಮಾತಾಡಿದೆವೆಂದು ಈಗ ಒಂದಕ್ಷರವೂ ನೆನಪಿಲ್ಲ.

ಮೂರನೆಯ ದಿನ: ಸೆತ್‌ಗೆ

ಪ್ಯಾರಿಸ್ಸಿನ ಲಿಯೋಂ ನಿಲ್ದಾಣದಿಂದ ದಕ್ಷಿಣಕ್ಕೆ ವೇಗದ ರೈಲು. ನೀಮ್ ದಾಟಿದ ಮೇಲೆ ಎರಡೂ ಬದಿ ದ್ರಾಕ್ಷಿ ತೋಟ. ಮೇ ತಿಂಗಳಾದ್ದರಿಂದ ಹಸಿರು ಚಿಗುರು. ನನ್ನ ಕಣ್ಣಿಗೆ ಮಾತ್ರ ಅದು ಚಳಿಗಾಲದ ಬೋಳು ಬಳ್ಳಿಯಾಗಿಯೇ ಕಾಣುತ್ತಿತ್ತು, ಏಕೆಂದರೆ 1985ರಲ್ಲಿ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಗೆದ್ದ ವಾರ್ದಾ ಅವರ ಚಿತ್ರ ನಡೆಯುವುದು ಈ ಸೀಮೆಯಲ್ಲೇ. ಮೊದಲ ದೃಶ್ಯದಲ್ಲೇ ಚಳಿಗೆ ಸೆಟೆದು ಸತ್ತ ಹುಡುಗಿಯ ಹೆಣ ತೋಟದ ಗುಂಡಿಯಲ್ಲಿ ಸಿಗುತ್ತದೆ. ಆಮೇಲೆ ಅವಳನ್ನು ಕಂಡವರೆಲ್ಲ ಒಬ್ಬೊಬ್ಬರಾಗಿ ಅವಳ ಬಗ್ಗೆ ಹೇಳುತ್ತಾರೆ. ಕೊಳಕು ಬಟ್ಟೆ, ಒರಟು ಮಾತು, ಉಪಕಾರ ಮಾಡಿದವರಿಗೆ ಥ್ಯಾಂಕ್ಸ್ ಕೂಡ ಹೇಳದ ಮೋನಾ. ಅವಳನ್ನು ಇಷ್ಟಪಡಿ ಎಂದು ಚಿತ್ರ ಒಮ್ಮೆಯೂ ಅಂಗಲಾಚುವುದಿಲ್ಲ. ಹದಿಹರೆಯದ ಸಾಂದ್ರಿನ್ ಬೊನೇರ್ ಅಭಿನಯಿಸಿದ ಆ ಪಾತ್ರವೇ ವಾರ್ದಾ ಅವರ ಅತ್ಯುತ್ತಮ ಸೃಷ್ಟಿ ಎಂಬುದು ನನ್ನ ಅಭಿಪ್ರಾಯ. ಬೇರೆಯವರು ಕ್ಲೆಯೊ ಎನ್ನುತ್ತಾರೆ, ಎನ್ನಲಿ.

ಸೆತ್ ಕಾಲುವೆಗಳ ಊರು. ಒಂದು ಕಡೆ ಮೆಡಿಟರೇನಿಯನ್ ಸಮುದ್ರ, ಇನ್ನೊಂದು ಕಡೆ ತೋ ಎಂಬ ಉಪ್ಪುನೀರಿನ ಸರೋವರ. ಬ್ರಸೆಲ್ಸ್‌ನಲ್ಲಿ 1928ರ ಮೇ 30ರಂದು ಗ್ರೀಕ್ ಮೂಲದ ತಂದೆ, ಫ್ರೆಂಚ್ ತಾಯಿಗೆ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಅರ್ಲೆತ್. 1940ರಲ್ಲಿ ಯುದ್ಧಕ್ಕೆ ಬೆದರಿ ಕುಟುಂಬ ಇಲ್ಲಿಗೆ ಓಡಿಬಂತು, ಕಾಲುವೆಯಲ್ಲಿ ಕಟ್ಟಿದ ದೋಣಿಯಲ್ಲೇ ಸಂಸಾರ ಹೂಡಿತು. ಹದಿನೆಂಟು ತುಂಬಿದಾಗ ಹುಡುಗಿ ತನ್ನ ಹೆಸರನ್ನು ತಾನೇ ಆನ್ಯೆಸ್ ಎಂದು ಬದಲಿಸಿಕೊಂಡಳು. ಅವಿನ್ಯೋಂ ನಾಟಕೋತ್ಸವ ಕಟ್ಟಿದ ಜಾಂ ವಿಲಾರ್ ಕೂಡ ಇದೇ ಊರಿನವರು. ಅವರ ತಂಡಕ್ಕೆ ಫೋಟೊ ತೆಗೆಯುವ ಕೆಲಸ ಸಿಕ್ಕಿದ್ದು ಆ ಊರಿನ ನಂಟಿನಿಂದಲೇ.

ಸಂಜೆ ಕಾಲುವೆ ದಂಡೆಯಲ್ಲಿ ತಿಯೆಲ್ ಎಂಬ ಕೆಂಪಗಿನ ದುಂಡು ಕಡುಬನ್ನು ಎಲ್ಲರೂ ಚಪ್ಪರಿಸುತ್ತಿದ್ದರು. ಒಳಗೆ ಆಕ್ಟೋಪಸ್ ಎಂದು ತಿಳಿದು ನಾನು ಬ್ರೆಡ್ಡು, ಟೊಮೆಟೊ ತಿಂದು ಮಲಗಿದೆ.

ನಾಲ್ಕನೆಯ ದಿನ: ಲಾ ಪ್ವಾಂತ್ ಕೂರ್ತ್

ರೈಲ್ವೆ ಹಳಿಗಳ ಹಿಂಬದಿಗೆ, ಕಾಲುವೆ ಸರೋವರವನ್ನು ಸೇರುವ ತುದಿಯಲ್ಲಿ, ನಾಲಿಗೆಯ ಹಾಗೆ ಚಾಚಿಕೊಂಡ ಒಂದು ಮೀನುಗಾರರ ಕೇರಿ. ಅರ್ಧ ಗಂಟೆಯಲ್ಲಿ ಪೂರ್ತಿ ಸುತ್ತಿ ಬರಬಹುದು. ನನಗೆ ನಾಲ್ಕು ಗಂಟೆ ಹಿಡಿಯಿತು.

ಹಲಗೆ, ತಗಡು, ಹಳೆಯ ಬಾಗಿಲು ಸಿಕ್ಕಿದ್ದನ್ನೆಲ್ಲ ಸೇರಿಸಿ ಕಟ್ಟಿದ ಶೆಡ್ಡುಗಳು. ಗುಡ್ಡೆ ಹಾಕಿದ ಬಲೆಗಳಿಂದ ಪಾಚಿಯ, ಹಳೆಯ ಮೀನಿನ ವಾಸನೆ. ಬಲೆಯ ಮೇಲೊಂದು, ದೋಣಿಯ ಅಡಿಯಲ್ಲೊಂದು, ಕಿಟಕಿಯಲ್ಲಿ ಎರಡು, ಎಲ್ಲೆಲ್ಲೂ ಬೆಕ್ಕು. ತಂತಿಯ ಮೇಲೆ ಒಣಗಲು ಹಾಕಿದ ಬಿಳಿ ಹೊದಿಕೆಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. 1954ರ ಚಿತ್ರದಲ್ಲೂ ಇದೇ ಗಾಳಿ, ಇದೇ ಹೊದಿಕೆ.

ಸೆತ್‌ಗೆ ಬರಲಾಗದಷ್ಟು ಕಾಯಿಲೆಬಿದ್ದ ಒಬ್ಬ ಗೆಳೆಯನಿಗಾಗಿ ಈ ಜಾಗವನ್ನು ಚಿತ್ರೀಕರಿಸಲು ವಾರ್ದಾ ಬಂದಿದ್ದರು. ಅದೇ ಮುಂದೆ ಕಥಾಚಿತ್ರವಾಯಿತು. ಅಲ್ಲಿಯವರೆಗೆ ತಾನು ನೋಡಿದ ಸಿನಿಮಾಗಳು ಹತ್ತರ ಮೇಲಿರಲಿಲ್ಲ ಎಂದು ಆಕೆಯೇ ಹೇಳಿಕೊಂಡಿದ್ದುಂಟು. ಫಿಲಿಪ್ ನ್ವಾರೆ, ಸಿಲ್ವಿಯಾ ಮೋಂಫೋರ್ ಎಂಬ ಇಬ್ಬರು ರಂಗನಟರು ಬಿರುಕುಬಿಟ್ಟ ದಾಂಪತ್ಯದ ಗಂಡ ಹೆಂಡತಿ. ಉಳಿದವರೆಲ್ಲ ಈ ಕೇರಿಯವರೇ. ಒಂದು ಅಧ್ಯಾಯ ದಂಪತಿಗಳ ಒಗಟಿನಂಥ ಮಾತು, ಮರು ಅಧ್ಯಾಯ ಮೀನುಗಾರರ ಜಗಳ: ನೀರು ಕೆಟ್ಟಿದೆ, ಚಿಪ್ಪುಮೀನು ಹಿಡಿಯಬಾರದು ಎನ್ನುವ ಅಧಿಕಾರಿಗಳು, ಕಣ್ತಪ್ಪಿಸಿ ಹಿಡಿಯುವ ಇವರು. ಎರಡೂ ಎಲ್ಲೂ ಕಲೆಯುವುದಿಲ್ಲ. ತಂಡದವರು ಸಂಬಳವಿಲ್ಲದೆ, ಪಾಲುದಾರರಾಗಿ ದುಡಿದರು. ಸಂಕಲನಕ್ಕೆ, ಮುಂದೆ ತಾವೇ ದೊಡ್ಡ ನಿರ್ದೇಶಕರಾದ ಅಲೆಂ ರೆನೆ ಮೊದಲು ಹಿಂದೆಮುಂದೆ ನೋಡಿದರೂ ಆಮೇಲೆ ಕೂತರು. ಅದು ವಿಸ್ಕೊಂತಿಯ ಹಾಗಿದೆ, ಇದು ಆಂತೊನಿಯೊನಿಯ ಹಾಗಿದೆ ಎನ್ನುತ್ತಿದ್ದರಂತೆ. ವಾರ್ದಾ ಅವರಿಗೆ ಆ ಇಟಾಲಿಯನ್ ನಿರ್ದೇಶಕರ ಹೆಸರುಗಳೇ ಹೊಸವು. ತ್ರುಫೊ ಅವರ ಮೊದಲ ದೊಡ್ಡ ಚಿತ್ರ ಬಂದದ್ದು 1959ರಲ್ಲಿ, ಗೊದಾರ್ ಅವರದು 1960ರಲ್ಲಿ. ಫ್ರೆಂಚ್ ಸಿನಿಮಾದ ಹೊಸ ಅಲೆ ಎಂದು ಜಗತ್ತು ಕೊಂಡಾಡಿದ್ದಕ್ಕೆ ಐದು ವರ್ಷ ಮೊದಲೇ ಇಪ್ಪತ್ತಾರರ ಹುಡುಗಿಯೊಬ್ಬಳು ಇಲ್ಲಿ, ಈ ಬೆಕ್ಕುಗಳ ನಡುವೆ, ಅದನ್ನು ಎಬ್ಬಿಸಿಬಿಟ್ಟಿದ್ದಳು. ಪುಸ್ತಕಗಳು ಆಕೆಯನ್ನು ಹೊಸ ಅಲೆಯ ಅಜ್ಜಿ ಎಂದು ಕರೆದವು. ಅವಳು ಆಗಿನ್ನೂ ಮೂವತ್ತರ ಆಸುಪಾಸಿನವಳು!

ದೋಣಿಗೆ ಬಣ್ಣ ಬಳಿಯುತ್ತಿದ್ದ ಮುದುಕರೊಬ್ಬರು ನನ್ನ ಸೀರೆ ನೋಡಿ ಕೆಲಸ ನಿಲ್ಲಿಸಿದರು. ಮೊಬೈಲಿನ ಅನುವಾದಕ್ಕೆ ಇಬ್ಬರೂ ಸರದಿಯಂತೆ ಬಾಯಿ ತಂದೆವು. "ಆ ಸಿನಿಮಾಕ್ಕಾಗಿಯೇ ಬಂದಿರಾ?" ಹೌದೆಂದೆ. "ಇಲ್ಲಿ ಯಾರನ್ನು ಕೇಳಿದರೂ ಅದರಲ್ಲಿ ತಮ್ಮ ಅಜ್ಜನಿದ್ದಾನೆ ಎನ್ನುತ್ತಾರೆ. ನಂಬಬೇಡಿ." ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ, ಸ್ವಲ್ಪ ತಡೆದು, "ನನ್ನ ಅಜ್ಜ ಮಾತ್ರ ನಿಜವಾಗಿ ಇದ್ದಾನೆ" ಎಂದರು. ವಾರ್ದಾ ಅವರ ಹೆಸರಿನ ಓಣಿಯನ್ನು ತೋರಿಸಿದವರೂ ಅವರೇ. ನಾಲ್ಕು ಹೆಜ್ಜೆಗೆ ಮುಗಿಯುವ ಓಣಿ.

ಚಿತ್ರದಲ್ಲಿ ಬರುವ ದೋಣಿಕಾಳಗ ಆಗಸ್ಟಿನ ಸಂಭ್ರಮ. ಕೆಂಪು ದೋಣಿ, ನೀಲಿ ದೋಣಿ, ಏಣಿಯಂಥ ಅಟ್ಟದ ಮೇಲೆ ಬಿಳಿ ಬಟ್ಟೆಯ ಆಳು, ಕೈಯಲ್ಲಿ ಈಟಿ, ಒಬ್ಬರನ್ನೊಬ್ಬರು ನೀರಿಗೆ ಕೆಡವುವುದು. ಬಂದರಿಗೆ ಅಡಿಗಲ್ಲಿಟ್ಟ 1666ರಿಂದ ನಡೆದುಬಂದ ಆಟ. ಕೆಂಪು ಮದುವೆಯಾದವರದು, ನೀಲಿ ಬ್ರಹ್ಮಚಾರಿಗಳದು ಎಂಬುದು ಹಳೆಯ ವಾಡಿಕೆ. ಮೇ ತಿಂಗಳಲ್ಲಿ ಹೋದ ನನಗೆ ಕಂಡದ್ದು ದಡಕ್ಕೆ ಕಟ್ಟಿದ ಖಾಲಿ ದೋಣಿ.

ಐದನೆಯ ದಿನ: ನಾಂತ್

ಇಡೀ ದಿನ ರೈಲು. ಒಂದು ಸಂಪರ್ಕ ತಪ್ಪಿತು, ಇನ್ನೊಂದು ತಡವಾಯಿತು. ವಾರ್ದಾ ಅವರ ಪತಿ, ನಿರ್ದೇಶಕ ಜಾಕ್ ದೆಮಿ ಬೆಳೆದ ಊರು ನಾಂತ್. ದೆಮಿ ಕಾಯಿಲೆಯಿಂದ ಇಳಿದುಹೋಗುತ್ತಿದ್ದಾಗ ಅವರ ಬಾಲ್ಯವನ್ನು ವಾರ್ದಾ ಇಲ್ಲಿ, ಅವರ ತಂದೆಯ ಗ್ಯಾರೇಜಿನಲ್ಲೇ ಚಿತ್ರೀಕರಿಸಿದರು. ನಡುನಡುವೆ ಕ್ಯಾಮೆರಾ ಗಂಡನ ಚರ್ಮ, ನರೆತ ಕೂದಲು, ಕಣ್ಣಿನ ಅಂಚಿನ ಮೇಲೆ ಸವರಿಕೊಂಡು ಹೋಗುತ್ತದೆ. ದೆಮಿ 1990ರ ಅಕ್ಟೋಬರಿನಲ್ಲಿ ತೀರಿಕೊಂಡರು, ಚಿತ್ರ ಮರುವರ್ಷ ಬಂತು. ಆ ಕಾಯಿಲೆ ಏಡ್ಸ್ ಎಂಬುದನ್ನು ವಾರ್ದಾ ಬಾಯಿಬಿಟ್ಟು ಹೇಳಿದ್ದು 2008ರಲ್ಲಿ. ಆ ಚಿತ್ರವನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ರಾತ್ರಿ ಪಾಸಾಜ್ ಪೊಮರೆ ಎಂಬ ಅಂಗಡಿಸಾಲಿನ ಗಾಜಿನ ಚಾವಣಿಯ ಕೆಳಗೆ ಒಂದು ಸುತ್ತು ಹಾಕಿ ಬಂದು ಮಲಗಿದೆ.

ಆರನೆಯ ದಿನ: ನ್ವಾರ್‌ಮೂತಿಯೆ

ನಾಂತ್‌ನಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ದ್ವೀಪ. ವಾರ್ದಾ ಮತ್ತು ದೆಮಿ ಇಲ್ಲೊಂದು ಹಳೆಯ ಗಾಳಿಗಿರಣಿ ಕೊಂಡು ರಜೆಗೆ ಬರುತ್ತಿದ್ದರು. ಸೇತುವೆ ಬಂದದ್ದು 1971ರಲ್ಲಿ. ಅದಕ್ಕೆ ಮೊದಲು ಸಮುದ್ರದ ತಳದಲ್ಲೇ ಹಾಸಿದ ಗ್ವಾ ಎಂಬ ರಸ್ತೆ, ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಉದ್ದ. ಇಳಿತದ ಹೊತ್ತಿಗೆ ಒಂದೂವರೆ ಗಂಟೆ ಮೊದಲು, ಒಂದೂವರೆ ಗಂಟೆ ನಂತರ ಮಾತ್ರ ಅದರ ಮೇಲೆ ಓಡಾಟ. ನಡೆದೇ ದಾಟಬೇಕೆಂದು ಆಸೆಪಟ್ಟು ವೇಳಾಪಟ್ಟಿ ಬರೆದುಕೊಂಡು ಬಂದಿದ್ದೆ. ಬರೆದುಕೊಂಡದ್ದು ಹಿಂದಿನ ವಾರದ್ದು! ಹೋಗಿ ನಿಂತರೆ ಡಾಂಬರು ರಸ್ತೆ ನೇರ ನೀರಿನೊಳಗೆ ಇಳಿದು ಕಾಣೆಯಾಗಿತ್ತು. ದೂರದಲ್ಲಿ, ಸಿಕ್ಕಿಬಿದ್ದವರು ಹತ್ತಿ ಕೂರಲೆಂದು ನೆಟ್ಟ ಕಂಬಗಳು ಮಾತ್ರ.

ವಿಧವೆಯಾದ ಮೇಲೆ ವಾರ್ದಾ ಈ ದ್ವೀಪದ ವಿಧವೆಯರನ್ನು ಮಾತಾಡಿಸಿ ಒಂದು ಕಲಾಕೃತಿ ಮಾಡಿದರು. ನಡುವೆ ದೊಡ್ಡ ಪರದೆ, ಅದರಲ್ಲಿ ಕಪ್ಪು ಬಟ್ಟೆಯ ಹೆಂಗಸರು ಕಡಲತೀರದಲ್ಲಿ ಒಂದು ಮೇಜಿನ ಸುತ್ತ ನಡೆಯುತ್ತಾರೆ. ಸುತ್ತ 14 ಪುಟ್ಟ ಪರದೆ, ಒಬ್ಬೊಬ್ಬರದು ಒಂದೊಂದು. ನೋಡುಗರಿಗೆ 14 ಕುರ್ಚಿ. ಕೂತ ಕುರ್ಚಿಯ ಹೆಡ್‌ಫೋನಿನಲ್ಲಿ ಒಬ್ಬ ವಿಧವೆಯ ದನಿ ಮಾತ್ರ ಕೇಳುತ್ತದೆ. ಇನ್ನೊಬ್ಬಳನ್ನು ಕೇಳಬೇಕಾದರೆ ಎದ್ದು ಇನ್ನೊಂದು ಕುರ್ಚಿಗೆ ಹೋಗಬೇಕು. ಆ ಹದಿನಾಲ್ವರಲ್ಲಿ ವಾರ್ದಾ ಕೂಡ ಒಬ್ಬರು. ಅವರ ಪಕ್ಕ ಖಾಲಿ ಕುರ್ಚಿ. ಅವರು ಮಾತಾಡುವುದಿಲ್ಲ.

ನಾನು ನೋಡಿರುವುದು ಅದರ ಸಿನಿಮಾ ರೂಪವನ್ನು, ಮನೆಯಲ್ಲಿ, ಸೋಫಾದ ಒಂದು ತುದಿಯಲ್ಲಿ ಕೂತು. ಗಿರಣಿಮನೆ ಹುಡುಕಲು ಹೋಗಲಿಲ್ಲ. ಬೇರೆಯವರ ಮನೆ, ಇಣುಕಿ ಏನಾಗಬೇಕು? ಉಪ್ಪಿನ ಆಗರಗಳ ಬದಿಯಲ್ಲಿ ನಡೆದು ತೀರಕ್ಕೆ ಹೋಗಿ ಕೂತೆ.

ದ್ವೀಪ ಉಪ್ಪಿಗೂ ಆಲೂಗಡ್ಡೆಗೂ ಹೆಸರುವಾಸಿ. ಸಮುದ್ರದ ಪಾಚಿ ಗೊಬ್ಬರ ಹಾಕಿದ ಮರಳು ಮಣ್ಣಿನಲ್ಲಿ ಬೊನೊತ್ ಎಂಬ ತಳಿ ಬೆಳೆಯುತ್ತಾರೆ. ಬೆರಳಲ್ಲಿ ತಿಕ್ಕಿದರೆ ಸುಲಿಯುವಷ್ಟು ತೆಳು ಸಿಪ್ಪೆ. 2003ರಲ್ಲಿ ವೆನಿಸ್ಸಿನ ಬಿಯೆನಾಲೆ ಕಲಾಮೇಳಕ್ಕೆ ಕರೆದಾಗ ವಾರ್ದಾ ನೆಲದ ಮೇಲೆ ಆಲೂಗಡ್ಡೆ ರಾಶಿ ಹಾಕಿ, ತಾವೂ ಆಲೂಗಡ್ಡೆಯ ವೇಷ ತೊಟ್ಟು ಓಡಾಡಿದರು. 75ನೇ ವಯಸ್ಸಿನಲ್ಲಿ ಅದೇ ಆಕೆಯ ಹೊಸ ಉದ್ಯೋಗ: ದೃಶ್ಯಕಲಾವಿದೆ. ಆಮೇಲೆ ಕಾನ್‌ನ ಗೌರವ ಪುರಸ್ಕಾರ, ಗೌರವ ಆಸ್ಕರ್ ಎಲ್ಲ ಬಂದವು. 2018ರ ಆಸ್ಕರ್ ನಾಮನಿರ್ದೇಶಿತರ ಔತಣಕ್ಕೆ ತಮ್ಮ ಬದಲು ರಟ್ಟಿನ ಆಳೆತ್ತರದ ಚಿತ್ರಗಳನ್ನು ಕಳಿಸಿಕೊಟ್ಟರು.

ರಸ್ತೆಬದಿಯ ಅಂಗಡಿಯಲ್ಲಿ ಒಂದು ಕಿಲೋ ಕೊಂಡೆ. ಒಂದೊಂದನ್ನೇ ತಿರುವಿ ನೋಡುತ್ತಿದ್ದ ನನ್ನನ್ನು ಅಂಗಡಿಯಾಕೆ ಗಮನಿಸಿ, ಕೆಳಗಿನ ಬುಟ್ಟಿಯಿಂದ ಒಂದನ್ನು ಎತ್ತಿ ಕೈಗಿಟ್ಟಳು. ಎರಡು ಉಬ್ಬು, ನಡುವೆ ಸೀಳು, ಕೆಳಗೆ ಚೂಪು. ದುಡ್ಡು ತೆಗೆದುಕೊಳ್ಳಲಿಲ್ಲ. ನನ್ನಂಥವರನ್ನು ಬಹಳ ಕಂಡಿದ್ದಾಳೆ ಎಂದು ತೋರಿತು. ರಾತ್ರಿಯ ರೈಲಿನಲ್ಲಿ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಪ್ಯಾರಿಸ್ ಬಂದ ಮೇಲೆ ಉಳಿದ ಗಡ್ಡೆಗಳ ಜೊತೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮಲಗಿದೆ.

ಏಳನೆಯ ದಿನ: ಪ್ಯಾರಿಸ್

ಬೆಳಿಗ್ಗೆ ಎದ್ದಾಗ ಮನೆ ತುಂಬ ಒಗ್ಗರಣೆಯ ಘಮ. ಚಿಕ್ಕಮ್ಮನಿಗೆ ಆರು ದಿನ ಬ್ರೆಡ್ಡು ತಿಂದು ಬಾಯಿ ಕೆಟ್ಟಿರುತ್ತದೆ ಎಂದು ಹುಡುಗಿ ಬೇಗ ಎದ್ದು ಚಪಾತಿ, ಆಲೂಗಡ್ಡೆ ಪಲ್ಯ ಮಾಡಿದ್ದಳು. ಕಟ್ಟೆಯ ಮೇಲೆ ಕರವಸ್ತ್ರ ಮಡಿಸಿಟ್ಟಿತ್ತು.

"ಅದರಲ್ಲಿದ್ದ ಗಡ್ಡೆ ಎಲ್ಲಿ?"

"ಹಾಕಿಬಿಟ್ಟೆ ಚಿಕ್ಕಮ್ಮ. ಏನು ಸೊಟ್ಟ ಗಡ್ಡೆ ಕೊಟ್ಟಿದ್ದಾರೆ ನಿಮಗೆ! ಆ ಸೀಳಿನೊಳಗಿನ ಮಣ್ಣು ತೊಳೆಯುವುದೇ ಒಂದು ಕೆಲಸವಾಯಿತು."

ಏನು ಹೇಳಲಿ? ಎರಡು ಸಲ ಬಡಿಸಿಕೊಂಡೆ.

ಮೋಂಪಾರ್ನಾಸ್ ಸ್ಮಶಾನ ರ‍್ಯೂ ದಾಗೆರ್‌ನಿಂದ ನಡೆದು ಹೋಗುವಷ್ಟು ಹತ್ತಿರ. ವಾರ್ದಾ, ದೆಮಿ ಇಬ್ಬರೂ ಒಂದೇ ಕಡೆ. ಮರದ ನೆರಳು, ಸಮಾಧಿಯ ಮೇಲೆ ಚಿಪ್ಪುಗಳು, ಬೆಣಚುಕಲ್ಲು, ಮಳೆಗೆ ಮಾಸಿದ ಮೆಟ್ರೊ ಟಿಕೆಟ್ಟುಗಳು, ಮತ್ತು ಯಾರ‍್ಯಾರೋ ತಂದಿಟ್ಟ ನಾಲ್ಕು ಆಲೂಗಡ್ಡೆ. ಅವುಗಳಲ್ಲೊಂದು ಸುಕ್ಕುಗಟ್ಟಿ, ನಸುನೇರಳೆ ಮೊಳಕೆ ಬಿಟ್ಟಿತ್ತು. ಹುಡುಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ, ಅದು ಇದಕ್ಕಾ?"

ನಾನು ಬರಿಗೈಯಲ್ಲಿ ನಿಂತಿದ್ದೆ. ನಾಲಿಗೆಯ ಮೇಲೆ ಸಾಸಿವೆ, ಕರಿಬೇವಿನ ರುಚಿ ಇನ್ನೂ ಇತ್ತು.